ಸರಕು ವ್ಯಾನಿನ ಕಮಾನು

ಹೋದ ತಿಂಗಳು ತಂಗಿಯ ಮಗನ ಕಾರಿನಲ್ಲಿ ಮಾಗಡಿ ರಸ್ತೆಯಲ್ಲಿ ಬರುತ್ತಿದ್ದೆ. ಸುಮನಹಳ್ಳಿಯ ಹತ್ತಿರ ಟ್ರಾಫಿಕ್ಕು ಎಂದಿನಂತೆ ಅಲ್ಲಾಡದೆ ನಿಂತಿತ್ತು. ಸೆಖೆಗೆ ಕಿಟಕಿ ಇಳಿಸಿದೆ. ಪಕ್ಕದಲ್ಲೇ ಲಾರಿ ರಿಪೇರಿಯ ಅಂಗಡಿ. ಅಲ್ಲಿ ಯಾರೋ ಕೆಂಪಗೆ ಕಾದ ಕಬ್ಬಿಣದ ಪಟ್ಟಿಯೊಂದನ್ನು ಇಕ್ಕಳದಲ್ಲಿ ಹಿಡಿದು ಹಳೇ ಎಂಜಿನ್ ಎಣ್ಣೆಯ ಡ್ರಮ್ಮಿಗೆ ಇಳಿಸಿದರು. ಚುಂಯ್ ಎಂದು ಸದ್ದಾಯಿತು, ಹಿಂದೆಯೇ ಕಪ್ಪು ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಬಡಿಯಿತು.

"ದೊಡ್ಡಮ್ಮ, ಗ್ಲಾಸ್ ಏರಿಸ್ಕೊಳ್ಳಿ, ಏನ್ ಗಬ್ಬು ವಾಸನೆ," ಎಂದ ಹುಡುಗ.

ನಾನು ಏರಿಸಲಿಲ್ಲ. ವಯಸ್ಸಾದವರ ಹಠ ಎಂದುಕೊಂಡಿರಬೇಕು ಪಾಪ. ನಲವತ್ತು ವರ್ಷದ ಹಿಂದೆ ಒಂದು ಇಡೀ ಮಳೆಗಾಲ ನಮ್ಮ ಯಜಮಾನರ ಅಂಗಿಯಿಂದ ಇದೇ ವಾಸನೆ ಬರುತ್ತಿತ್ತು ಎಂದು ಅವನಿಗೆ ಹೇಗೆ ಹೇಳುವುದು? ಯಜಮಾನರು ಈಗಿಲ್ಲ. ಅವರು ಇದ್ದಷ್ಟು ದಿನವೂ ನಾವಿಬ್ಬರೂ ಆ ಮಳೆಗಾಲದ ಮಾತು ಎತ್ತುತ್ತಿರಲಿಲ್ಲ. ಈಗ ಎತ್ತಿದರೆ ನೋವಾಗುವುದು ನನಗೊಬ್ಬಳಿಗೇ, ಹಾಗಾಗಿ ಬರೆಯುತ್ತಿದ್ದೇನೆ.

ಆಗ ನಾವು ಮಲ್ಲತ್ತಹಳ್ಳಿಯಲ್ಲಿದ್ದೆವು. ಎಂಬತ್ತರ ದಶಕ ಇನ್ನೂ ಹೊಸದು. ಈಗ ಅಲ್ಲಿ ಸೈಟು ಇದೆ ಎಂದರೆ ಜನ ಕಣ್ಣರಳಿಸುತ್ತಾರೆ, ಆಗ "ಅಯ್ಯೋ, ಅಷ್ಟು ದೂರಾನಾ?" ಎಂದು ಮೂಗು ಮುರಿಯುತ್ತಿದ್ದರು. ಯಜಮಾನರು ರಾಜಾಜಿನಗರದ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಫಿಟ್ಟರ್ ಆಗಿದ್ದರು. ಹೊಸಹಳ್ಳಿಯ ವಠಾರ ಬಿಟ್ಟು, ಕೆರೆಯ ಆಚೆ ರಾಗಿ ಹೊಲಗಳ ನಡುವೆ ಎರಡು ಕೋಣೆಯ ಮನೆ ಕಟ್ಟಿಸಿದ್ದರು. ಸ್ವಂತ ಮನೆಯೇನೋ ಆಯಿತು, ಅದಕ್ಕೆ ರಸ್ತೆ ಇರಲಿಲ್ಲ. ಎತ್ತಿನ ಗಾಡಿಯ ಚಕ್ರ ಕೊರೆದ ಎರಡು ಕಾಲುವೆ, ನಡುವೆ ಹುಲ್ಲು ಬೆಳೆದ ದಿಣ್ಣೆ, ಅದೇ ನಮ್ಮ ರಸ್ತೆ. ಮಳೆ ಬಂದರೆ ಕೆಂಪು ಕೆಸರು ಮೊಣಕಾಲಿಗೆ ಬರುತ್ತಿತ್ತು. ಮಳೆ ನಿಂತರೆ ಅದೇ ಕೆಸರು ಕಲ್ಲಿನ ಹಾಗೆ ಗಟ್ಟಿಯಾಗಿ ಸೈಕಲ್ಲಿನವರ ನಡ ಮುರಿಯುತ್ತಿತ್ತು.

ಆ ಮನೆಗೆ ಬರುವ ಹೊತ್ತಿಗೆ ನಾನು ಎರಡು ಸಲ ಬಸಿರಾಗಿ ಎರಡು ಸಲವೂ ಕಳೆದುಕೊಂಡಿದ್ದೆ. ಮೊದಲನೆಯದು ಕೆಂಗೇರಿಯಲ್ಲಿ ಒಂದು ಮದುವೆ ಮುಗಿಸಿ ಆಟೋದಲ್ಲಿ ಬಂದ ಮಾರನೆಯ ದಿನ. ಎರಡನೆಯದು, ನಾನಿದ್ದ ಬಸ್ಸು ದೊಡ್ಡ ಹಳ್ಳಕ್ಕೆ ಬಿದ್ದು ಎದ್ದ ಸಂಜೆ. ಯಜಮಾನರು ಯಂತ್ರದ ಮನುಷ್ಯ. ಒಂದು ಯಂತ್ರ ಎರಡು ಸಲ ಒಂದೇ ರೀತಿ ಕೆಟ್ಟರೆ ಕಾರಣವೂ ಒಂದೇ ಎಂದು ನಂಬಿದವರು. ಕುಲುಕಾಟವೇ ಇದಕ್ಕೆಲ್ಲ ಮೂಲ ಎಂದು ತೀರ್ಮಾನಿಸಿಬಿಟ್ಟರು. ನಿಜ ಹೇಳಬೇಕೆಂದರೆ ಆ ತೀರ್ಮಾನ ನನಗೂ ಒಂದು ಸಮಾಧಾನವೇ ಆಗಿತ್ತು. ತಪ್ಪು ನನ್ನ ಹೊಟ್ಟೆಯದಲ್ಲ, ರಸ್ತೆಯದು. ರಸ್ತೆಯನ್ನು ಬಯ್ಯಬಹುದಿತ್ತು, ಇಬ್ಬರೂ ಸೇರಿ ಮನಸಾರೆ ಬಯ್ಯುತ್ತಿದ್ದೆವು.

ಮೂರನೆಯ ಸಲ ಬಸಿರಾದೆ ಎಂದು ಗೊತ್ತಾದದ್ದು ಯುಗಾದಿ ಕಳೆದ ಮೇಲೆ. ವಿಜಯನಗರದ ಲೇಡಿ ಡಾಕ್ಟರು ನನ್ನ ಹಳೆಯ ಕತೆಯೆಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಿ ಪ್ರಮೀಳಾ, ಈ ಸಲ ಪೂರ್ತಿ ಬೆಡ್ ರೆಸ್ಟು. ಭಾರ ಎತ್ತಬಾರದು, ಬಾವಿ ಸೇದಬಾರದು. ಆಟೋ, ಬಸ್ಸು ಹತ್ತಲೇಬೇಡಿ. ತಿಂಗಳಿಗೊಂದು ಸಲ ಇಲ್ಲಿಗೆ ಬಂದು ತೋರಿಸ್ಕೊಂಡು ಹೋಗಿ."

"ಆಟೋನೂ ಬೇಡ, ಬಸ್ಸೂ ಬೇಡ ಅಂದ್ರೆ ಹೇಗೆ ಬರ್ಲಿ ಡಾಕ್ಟ್ರೇ? ಹಾರ್ಕೊಂಡು ಬರ್ಲಾ?" ಎಂದೆ. ನನ್ನ ಬಾಯಿ ಯಾವಾಗಲೂ ಹೀಗೆಯೇ.

"ಯಾವುದಾದ್ರೂ ಕಾರಲ್ಲಿ ಬನ್ನಮ್ಮ," ಎಂದರು ಅವರು, ನಗದೆ.

ಹೊರಗೆ ಬಂದ ಮೇಲೆ ಯಜಮಾನರ ಮುಖ ನೋಡಿದೆ. ಎರಡು ಸಲ ಪೆಟ್ಟು ತಿಂದ ಮನುಷ್ಯನ ಮುಖದಲ್ಲಿ ಹೊಸದೊಂದು ಕಳೆ ಬಂದಿತ್ತು. ಡಾಕ್ಟರು ಔಷಧಿ ಬರೆದುಕೊಟ್ಟಿದ್ದರೆ ಅವರು ಏನು ಮಾಡಬಹುದಿತ್ತು, ಅಂಗಡಿಯಿಂದ ತಂದುಕೊಡಬಹುದಿತ್ತು, ಅಷ್ಟೇ. ಕಾರು ಎಂದರೆ ಅದು ಅವರ ಕೈಯಲ್ಲಿ ಆಗುವ ಕೆಲಸ. ಏಕೆಂದರೆ ನಮ್ಮ ಮನೆಯ ಹಿತ್ತಲಿನಲ್ಲಿ ಒಂದು ಕಾರು ಇತ್ತು.

ಇತ್ತು ಎಂದರೆ, ಮುಕ್ಕಾಲು ಇತ್ತು. ಹಿಂದಿನ ವರ್ಷ ಯಾವ ಗಳಿಗೆಯಲ್ಲೋ ಅವರಿಗೆ ಸ್ವಂತ ಕೈಯಿಂದ ಒಂದು ಕಾರು ಕಟ್ಟುವ ಹುಚ್ಚು ಹತ್ತಿತ್ತು. "ದುಡ್ಡಿದ್ರೆ ಯಾರ್ ಬೇಕಾದ್ರೂ ಕಾರ್ ತಗೋತಾರೆ ಕಣೇ, ಕಟ್ಟೋದ್ರಲ್ಲಿದೆ ಮಜಾ," ಎನ್ನುತ್ತಿದ್ದರು. ಮುಂಭಾಗ ಮತ್ತು ಎಂಜಿನ್ನು ಯಾವುದೋ ಗ್ಯಾರೇಜಿನಲ್ಲಿ ಕೊಳೆಯುತ್ತಿದ್ದ ಹಳೇ ಇಂಗ್ಲಿಷ್ ಕಾರಿನದು. ಹಿಂದಿನ ಆಕ್ಸಲು ಗುಜರಿಯಲ್ಲಿ ಸಿಕ್ಕ ಅಂಬಾಸಿಡರಿನದು. ನಡುವಿನ ಉಕ್ಕಿನ ಚೌಕಟ್ಟಾದ ಚಾಸಿಯನ್ನೂ ತಗಡಿನ ಮೈಯನ್ನೂ ಭಾನುವಾರಗಳಲ್ಲಿ ತಾವೇ ಬೆಸೆದಿದ್ದರು. ಎಂಜಿನ್ನು ಓಡುತ್ತಿತ್ತು, ದೀಪ ಉರಿಯುತ್ತಿತ್ತು, ಹಾರ್ನು ಊರಿಗೆಲ್ಲ ಕೇಳುತ್ತಿತ್ತು. ಆದರೆ ಹಿಂದಿನ ಆಕ್ಸಲಿಗೂ ಮೈಗೂ ನಡುವೆ ಇರಬೇಕಾದ ಕಮಾನು ಇರಲಿಲ್ಲ. ಹಿಂಭಾಗ ಕಲ್ಲುಗಳ ಮೇಲೆ ಕೂತಿತ್ತು. ಅದರ ಅಡಿಯಲ್ಲಿ ಪಕ್ಕದ ಕೆಂಪಮ್ಮನ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಹಿಂಗಾಲಿಲ್ಲದ ನಾಯಿಯ ಹಾಗಿದೆ ನಿಮ್ಮ ಕಾರು ಎಂದು ನಾನು ರೇಗಿಸುತ್ತಿದ್ದೆ. ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ ರೇಗಿಸುವುದನ್ನು ನಿಲ್ಲಿಸಿದೆ.

ಕಮಾನು ಎಂದರೆ ಲಾರಿಯ ಅಡಿಯಲ್ಲಿ ನೀವು ನೋಡಿರುತ್ತೀರಿ. ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳು, ಉದ್ದದ್ದು ಮೇಲೆ, ಅದರ ಕೆಳಗೆ ಗಿಡ್ಡದ್ದು, ಅದಕ್ಕಿಂತ ಗಿಡ್ಡದ್ದು, ಹೀಗೆ ಒಂದರ ಅಡಿಗೊಂದು ಸೇರಿಸಿ ಬಿಗಿದ ಕಟ್ಟು. ರಸ್ತೆಯ ಪೆಟ್ಟನ್ನೆಲ್ಲ ಅದು ನುಂಗಬೇಕು. ನಮ್ಮ ಕಾರು ಯಾವ ಕಂಪನಿಯದೂ ಅಲ್ಲವಾದ್ದರಿಂದ ಅದಕ್ಕೆ ಅಳತೆಯ ಕಮಾನು ಎಲ್ಲೂ ಸಿಗುವ ಹಾಗಿರಲಿಲ್ಲ. ಯಜಮಾನರು ಗುಜರಿಯಿಂದ ಒಂದು ಹಳೇ ಸರಕು ವ್ಯಾನಿನ ಕಮಾನು ಜೋಡಿ ತಂದರು. ಒಳ್ಳೆಯ ಉಕ್ಕು, ಆದರೆ ನಮ್ಮ ಚಾಸಿಗೆ ಒಂದು ಗೇಣಿನಷ್ಟು ಉದ್ದ.

"ಕತ್ತರಿಸಿದ್ರಾಯ್ತು," ಎಂದೆ, ಬಟ್ಟೆಯ ವಿಷಯ ಮಾತಾಡುವ ಹಾಗೆ.

ಅವರು ಮಂಚದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಅಳತೆಯ ಉಕ್ಕಿನ ಸ್ಕೇಲೊಂದನ್ನು ಮಂಚದ ಅಂಚಿಗೆ ಒತ್ತಿ ಹಿಡಿದರು. ಹೊರಗೆ ಚಾಚಿದ ತುದಿಯನ್ನು ಬೆರಳಿನಿಂದ ಒತ್ತಿದರು, ಸಲೀಸಾಗಿ ಬಗ್ಗಿತು. ಆಮೇಲೆ ಸ್ಕೇಲನ್ನು ಹಿಂದಕ್ಕೆಳೆದು, ಗಿಡ್ಡ ತುದಿ ಮಾತ್ರ ಹೊರಗುಳಿಸಿ ಒತ್ತಿದರು. ಅದು ಬಗ್ಗಲಿಲ್ಲ.

"ನೋಡಿದ್ಯಾ? ಗಿಡ್ಡ ಮಾಡಿದಷ್ಟೂ ಗಡುಸಾಗುತ್ತೆ. ಮೊದಲೇ ಇದು ಮೂಟೆ ಹೊರೋ ವ್ಯಾನಿಂದು. ನೀನೇನು ಮೂಟೆನಾ?"

ಹಾಗಾಗಿ ಆ ಮಳೆಗಾಲದ ಕೆಲಸವೆಂದರೆ ಇಷ್ಟೇ: ಕಮಾನನ್ನು ಗಿಡ್ಡ ಮಾಡಬೇಕು, ಗಿಡ್ಡ ಮಾಡಿದ್ದನ್ನು ಮತ್ತೆ ಮೆತ್ತಗೆ ಮಾಡಬೇಕು. ಹೇಳುವುದಕ್ಕೆ ಒಂದು ಸಾಲು. ನಾನು ಮಂಚದ ಮೇಲೆ ಮಲಗಿ, ಹೆಂಚಿನ ಸಂದಿಯಲ್ಲಿ ತೊಟ್ಟಿಕ್ಕುವ ನೀರು ನೋಡುತ್ತಾ, ಹಿತ್ತಲಿನ ಸುತ್ತಿಗೆಯ ಸದ್ದು ಕೇಳುತ್ತಾ ಬಿದ್ದಿರುತ್ತಿದ್ದೆ. ಬೆಳಗ್ಗೆ ಅಡುಗೆ ಅವರೇ ಮಾಡಿ ಶಿಫ್ಟಿಗೆ ಹೋಗುತ್ತಿದ್ದರು. ಅನ್ನ ಒಂದು ದಿನ ಗಂಜಿಯಾದರೆ ಒಂದು ದಿನ ನುಚ್ಚು. ಎದ್ದು ಸಾರಿಗೆ ಒಂದು ಒಗ್ಗರಣೆ ಹಾಕೋಣ ಎಂದರೆ ಗದರುತ್ತಿದ್ದರು. ಜೀವಮಾನದಲ್ಲೇ ನಾನು ಅಷ್ಟು ಕೈಲಾಗದವಳಾಗಿ ಎಂದೂ ಇರಲಿಲ್ಲ. ನನ್ನ ಮಗುವನ್ನು ಉಳಿಸಿಕೊಳ್ಳುವುದಕ್ಕೆ ನಾನು ಮಾಡಬಹುದಾದ ಕೆಲಸವೆಂದರೆ ಏನೂ ಮಾಡದೆ ಇರುವುದು. ಅದರಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ.

ಮೊದಲ ಪ್ರಯತ್ನ ಕೆಟ್ಟಿತು. ಕಮಾನಿನ ಉದ್ದದ ಪಟ್ಟಿಯ ತುದಿಯಲ್ಲಿ ಸುರುಳಿ ಸುತ್ತಿದ ಒಂದು ತೂತಿರುತ್ತದೆ, ಬೋಲ್ಟು ಹಾಯುವುದು ಅದರಲ್ಲೇ. ಪಟ್ಟಿ ಕತ್ತರಿಸಿದ ಮೇಲೆ ಆ ಸುರುಳಿಯನ್ನು ಮತ್ತೆ ಸುತ್ತಬೇಕು. ಯಜಮಾನರು ಸ್ನೇಹಿತರೊಬ್ಬರ ವೆಲ್ಡಿಂಗ್ ಅಂಗಡಿಯಲ್ಲಿ ಗ್ಯಾಸಿನಿಂದ ಕಾಯಿಸಿ, ಸುರುಳಿ ಸುತ್ತಿ, ಅವಸರದಲ್ಲಿ ಪಕ್ಕದ ನೀರಿನ ತೊಟ್ಟಿಗೆ ಅದ್ದಿಬಿಟ್ಟರು. ಕಾರಿಗೆ ಹಾಕಿ, ಹಿಂದಿನ ಸೀಟಿನಲ್ಲಿ ಮರಳಿನ ಚೀಲ ಇಟ್ಟುಕೊಂಡು ನಾಗರಭಾವಿಯ ಕಡೆ ಒಂದು ಸುತ್ತು ಹೋದರು. ಸ್ವಲ್ಪ ಹೊತ್ತಿಗೆ ಕೆಸರಿನಲ್ಲಿ ನಡೆದುಕೊಂಡೇ ವಾಪಸು ಬಂದರು. ಪಟ್ಟಿ ಸುರುಳಿಯ ಹತ್ತಿರ ಲಟಕ್ಕನೆ ಮುರಿದಿತ್ತು, ಗಾಜಿನ ಹಾಗೆ.

"ಎಣ್ಣೆಗೆ ಹಾಕ್ಬೇಕಿತ್ತು. ನೀರಿಗೆ ಹಾಕ್ದೆ. ಟೂಲ್‌ರೂಮಿಗೆ ಬಂದ ಮೊದಲ ವಾರದಲ್ಲೇ ಕಲಿತಿದ್ದು," ಎಂದು ಹಣೆ ಹಣೆ ಬಡಿದುಕೊಂಡರು. ಆಮೇಲೆ ಮೆಲ್ಲಗೆ, "ನೀನು ಒಳಗೆ ಇದ್ದಿದ್ರೆ?" ಎಂದರು. ನಾನು ಇರಲಿಲ್ಲವಲ್ಲ ಎಂದು ಸಮಾಧಾನ ಹೇಳಿದೆ.

ಆಮೇಲೆ ಸಿಕ್ಕವರು ಬಾಷಾ ಸಾಬರು. ಮಾಗಡಿ ರಸ್ತೆಯಲ್ಲಿ ಅವರದು ಕಮಾನಿನ ಕುಲುಮೆ. ಸುತ್ತಮುತ್ತಲ ಲಾರಿಗಳೆಲ್ಲ ಅವರ ಅಂಗಳದಲ್ಲೇ ನಿಲ್ಲುತ್ತಿದ್ದವು. ಯಜಮಾನರು ಶಿಫ್ಟು ಮುಗಿಸಿ ನೇರ ಅಲ್ಲಿಗೆ ಹೋಗಿ, ಸಾಬರು ಕಾಯಿಸಿದ್ದನ್ನು ತಾವು ಬಡಿದು, ತಾವು ಬಡಿದದ್ದನ್ನು ಸಾಬರಿಂದ ಎಣ್ಣೆಗೆ ಇಳಿಸಿ, ಮನೆಗೆ ಬರುತ್ತಿದ್ದರು. ಅಂಗಿಯ ತುಂಬ ಆ ಸುಟ್ಟ ಎಣ್ಣೆಯ ವಾಸನೆ. ನನಗೆ ಆಗ ಸಾಸಿವೆ ಚಟಪಟ ಎಂದರೂ ವಾಂತಿ ಬರುತ್ತಿದ್ದ ಕಾಲ. ಅಂಗಿಯನ್ನು ಹೊರಗೆ ಬಿಚ್ಚಿಟ್ಟು, ಸೋಪು ಹಚ್ಚಿ ಮೈ ತೊಳೆದುಕೊಂಡು ಬಂದರೂ ವಾಸನೆ ಅವರ ಕೂದಲಲ್ಲಿ ಉಳಿದಿರುತ್ತಿತ್ತು.

ಸಾಬರು ಕೆಲಸವನ್ನು ನಗುನಗುತ್ತಾ ಮಾಡಿಕೊಟ್ಟರೂ ಅದರಲ್ಲಿ ಅವರಿಗೆ ನಂಬಿಕೆ ಇರಲಿಲ್ಲ. "ನಾಗರಾಜ್ ಸಾರ್, ನಮ್ಮನೇವ್ಳು ಏಳು ಮಕ್ಳು ಹೆತ್ತಿದಾಳೆ. ಎಲ್ಲಾ ಸಲನೂ ತವರಿಗೆ ಜಟಕಾದಲ್ಲೇ ಹೋಗಿದ್ದು. ಕುಲುಕಾಟದಿಂದ ಏನಾಗುತ್ತೆ ಸಾರ್? ಮೇಲಿರೋನು ಕೊಡ್ಬೇಕು ಅಷ್ಟೇ," ಎಂದರಂತೆ ಒಂದು ದಿನ. ಇದನ್ನು ಹೇಳುವಾಗ ಯಜಮಾನರ ದನಿಯಲ್ಲಿ ಕೋಪ ಕುದಿಯುತ್ತಿತ್ತು. ಸಾಬರ ಮೇಲೆ ಅವರು ಕೋಪ ಮಾಡಿಕೊಂಡಿದ್ದು ಅದೊಂದೇ ಸಲ. ನನಗೆ ಮಾತ್ರ ಭಯವಾಯಿತು. ಮೇಲಿರುವವನೇ ಕೊಡಬೇಕು ಎಂದಾದರೆ, ಮಳೆಯಲ್ಲಿ ನೆನೆಯುತ್ತಾ ಈ ಮನುಷ್ಯ ಬಡಿಯುತ್ತಿರುವುದು ಏನನ್ನು?

ಆಷಾಢ ಕಳೆದು ಶ್ರಾವಣ ಬಂತು. ಕೆರೆ ತುಂಬಿತು. ಕಮಾನು ಗಿಡ್ಡವಾಗಿ ಕಾರಿಗೆ ಕೂತಿತು. ಯಜಮಾನರು ಹೇಳಿದ ಹಾಗೆಯೇ ಅದು ಕಲ್ಲಿನಷ್ಟು ಗಡುಸಾಗಿತ್ತು. ಮೆತ್ತಗೆ ಮಾಡುವ ಕೆಲಸ ಆಗ ಶುರುವಾಯಿತು. ಕಟ್ಟಿನಿಂದ ಒಂದು ಪಟ್ಟಿ ತೆಗೆಯುವುದು, ಮತ್ತೆ ಬಿಗಿಯುವುದು, ಓಡಿಸಿ ನೋಡುವುದು. ಹಿಂದಿನ ಸೀಟಿನ ಮೇಲೆ ಕಂಠಮಟ್ಟ ನೀರು ತುಂಬಿದ ತಾಮ್ರದ ಚೊಂಬು ಇಟ್ಟು ಕೆರೆ ಏರಿಯಿಂದ ಮನೆಯವರೆಗೆ ಬರುತ್ತಿದ್ದರು. ಇಳಿದ ಕೂಡಲೇ ನೋಡುವುದು ಎಷ್ಟು ನೀರು ಚೆಲ್ಲಿದೆ ಎಂದು. ಅರ್ಧ ಖಾಲಿಯಾಗಿದ್ದರೆ ಅಂದು ಊಟ ಸೇರುತ್ತಿರಲಿಲ್ಲ. ಮತ್ತೊಂದು ಪಟ್ಟಿ ತೆಗೆದರು. ಇನ್ನೂ ಒಂದು ತೆಗೆದಾಗ ಕಾರಿನ ಬೆನ್ನು ಆಕ್ಸಲಿನ ಮೇಲೇ ಕೂತುಬಿಟ್ಟಿತು. ಅದನ್ನು ಬಿಚ್ಚಿ ಮತ್ತೆ ಸಾಬರ ಹತ್ತಿರ ಒಯ್ದು, ಪಟ್ಟಿಗಳ ಬಾಗು ಹೆಚ್ಚಿಸಿ ತಂದರು. ಇಷ್ಟೆಲ್ಲ ಆದರೂ ಒಂದು ತೊಡಕು ಉಳಿಯಿತು. ಹಿಂದೆ ಭಾರವಿದ್ದಾಗ ಕಾರು ತೇಲುವ ಹಾಗೆ ಬರುತ್ತಿತ್ತು, ಖಾಲಿಯಿದ್ದಾಗ ಕುಣಿಯುತ್ತಿತ್ತು. ಕಮಾನಿನ ಸ್ವಭಾವವೇ ಅದಂತೆ, ಹೊರೆ ಇದ್ದಾಗ ಮೃದು, ಇಲ್ಲದಾಗ ಒರಟು. ನಾನೋ ವಾಂತಿ ಮಾಡಿ ಮಾಡಿ ಕಡ್ಡಿಯಾಗಿದ್ದೆ. ನನ್ನ ಒಬ್ಬಳ ತೂಕ ಅದಕ್ಕೆ ಯಾವ ಲೆಕ್ಕಕ್ಕೂ ಇರಲಿಲ್ಲ.

ಯಜಮಾನರು ಮತ್ತೆ ಮರಳಿನ ಚೀಲ ಹೊರತೊಡಗಿದರು. ಇದನ್ನೆಲ್ಲ ಬೇಲಿಯ ಆಚೆಯಿಂದ ನೋಡುತ್ತಿದ್ದವಳು ಕೆಂಪಮ್ಮ. ನಮ್ಮ ಸೈಟು ಒಂದು ಕಾಲಕ್ಕೆ ಅವರದೇ ಹೊಲ. ಐದು ಹೆತ್ತು, ಐದನ್ನೂ ಸಾಕಿದ, ಭಾರೀ ಮೈಕಟ್ಟಿನ ಹೆಂಗಸು. ಸೊಂಟದ ಮೇಲೆ ಕೈಯಿಟ್ಟು ಕೇಳಿದಳು:

"ಅದ್ಯಾಕಪ್ಪಾ ನಾಗಣ್ಣ, ಮರಳು ಹೊತ್ಕಂಡು ಸಾಯ್ತೀಯ? ನಾನಿಲ್ವಾ?"

ಯಜಮಾನರು ತಬ್ಬಿಬ್ಬಾದರು. ಕೆಂಪಮ್ಮ ಕಾರಿನ ಬಾಗಿಲು ತೆಗೆದು, ಸೆರಗು ಸರಿಮಾಡಿಕೊಂಡು, ಒಳಗೆ ಕೂತೇಬಿಟ್ಟಳು. ಕಾರು ಒಂದು ಪಕ್ಕಕ್ಕೆ ವಾಲಿತು. "ಒಬ್ಳೇ ಆದ್ರೆ ಓರೆ ಆಯ್ತದೆ. ತಡಿ, ನಮ್ ವಾರಗಿತ್ತೀನೂ ಕರೀತೀನಿ," ಎಂದು ಹೊಲದ ಕಡೆಗೆ ಕೂಗು ಹಾಕಿದಳು. ಅವಳ ವಾರಗಿತ್ತಿ ಚಿಕ್ಕತಾಯಮ್ಮ ಕಳೆ ಕೀಳುವುದನ್ನು ಬಿಟ್ಟು, ಕೈಗೆ ಮೆತ್ತಿದ ಮಣ್ಣಿನ ಸಮೇತ ಬಂದು ಇನ್ನೊಂದು ಪಕ್ಕಕ್ಕೆ ಕೂತಳು. ಆ ದಿನ ಚೊಂಬಿನಿಂದ ನೀರು ಚೆಲ್ಲಲೇ ಇಲ್ಲ. ಯಜಮಾನರು ಚೊಂಬನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಬಂದು ನನಗೆ ತೋರಿಸಿದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಮಂಚದ ಮೇಲೆ ಎದ್ದು ಕೂತೆ, ಗದರಿಸಿಕೊಳ್ಳುವ ಭಯವಿಲ್ಲದೆ.

ಹಾಗೆ, ಅಷ್ಟು ತಿಂಗಳ ಮೇಲೆ, ನಾನು ಡಾಕ್ಟರ ಹತ್ತಿರ ಹೋದೆ, ಒಂದು ಪಕ್ಕ ಕೆಂಪಮ್ಮ, ಒಂದು ಪಕ್ಕ ಚಿಕ್ಕತಾಯಮ್ಮ, ನಡುವೆ ನಾನು. ಇಬ್ಬರೂ ತಲೆಗೆ ಹರಳೆಣ್ಣೆ ಹಚ್ಚಿ, ಹೂ ಮುಡಿದು, ಮದುವೆಗೆ ಹೊರಟವರ ಹಾಗೆ ಸಿದ್ಧವಾಗಿರುತ್ತಿದ್ದರು. ದಾರಿಯಲ್ಲಿ ಸಿಕ್ಕವರು ಎಲ್ಲಿಗೆ ಎಂದು ಕೇಳಿದರೆ "ಭಾರಕ್ಕೆ ಹೊಂಟಿದೀವಿ" ಎನ್ನುತ್ತಿದ್ದಳು ಕೆಂಪಮ್ಮ. ಕಾರು ಉಯ್ಯಾಲೆಯ ಹಾಗೆ ತೂಗುತ್ತಾ ಹೋಗುತ್ತಿತ್ತು. ಒಂದು ಗುಟ್ಟು ಹೇಳುತ್ತೇನೆ, ಅದು ಎಷ್ಟು ಮೆತ್ತಗಿತ್ತು ಎಂದರೆ ನನಗೆ ಆ ತೂಗಾಟಕ್ಕೇ ತಲೆ ಸುತ್ತಿ ವಾಂತಿ ಬರುತ್ತಿತ್ತು. ಬಾಯಿಗೆ ಸೆರಗು ಒತ್ತಿಕೊಂಡು ಕೂರುತ್ತಿದ್ದೆ. ಇಳಿದ ಮೇಲೆ "ಹೂವಿನ ಮೇಲೆ ಕೂತ ಹಾಗಿತ್ತು ರೀ" ಎನ್ನುತ್ತಿದ್ದೆ. ಮನುಷ್ಯ ಒಂದು ಮಳೆಗಾಲ ಬಡಿದು ಮಾಡಿದ್ದು, ಅದಕ್ಕೆ ಹೆಸರಿಡುವ ಬಾಯಿ ನನಗಿರಲಿಲ್ಲ.

ಡಾಕ್ಟರು ಹೊಟ್ಟೆಯ ಮೇಲೆ ಕೊಳವೆ ಇಟ್ಟು ಕೇಳಿ ತಲೆಯಾಡಿಸಿದರು. ಎಲ್ಲ ಸರಿಯಾಗಿದೆ ಎಂದರು. ಎರಡು ಸಲವೂ ದಾಟಲಾಗದ ತಿಂಗಳುಗಳನ್ನು ನಾನು ಈ ಸಲ ದಾಟಿದ್ದೆ. ಮಗು ಒದೆಯತೊಡಗಿತು. ಸಂಜೆಯ ಹೊತ್ತು, ಯಜಮಾನರು ಕಾಫಿ ಕುಡಿಯುತ್ತಾ ಮಂಚದ ಪಕ್ಕ ಕೂತಾಗಲೇ ಅದು ಒದೆಯುತ್ತಿತ್ತು. ಅವರು ಅಂಗೈ ಇಟ್ಟು, ಯಂತ್ರದ ಸದ್ದು ಕೇಳುವ ಹಾಗೆ ತಲೆ ಓರೆ ಮಾಡಿ ಕೇಳುತ್ತಿದ್ದರು.

ಆಯುಧಪೂಜೆಯ ದಿನ ಕಾರಿಗೆ ಚೆಂಡು ಹೂವಿನ ಹಾರ ಬಿತ್ತು. ಬೂದುಗುಂಬಳ ಒಡೆದು ಕುಂಕುಮ ಹಾಕಿದ್ದಾಯಿತು. ಚಕ್ರದ ಅಡಿಗೆ ನಿಂಬೆಹಣ್ಣಿಟ್ಟು ಹತ್ತಿಸಬೇಕು, ದೃಷ್ಟಿ ಹೋಗಬೇಕು ಎಂದಳು ಕೆಂಪಮ್ಮ. ನನ್ನನ್ನೂ ಹಿಂದೆ ಕೂರಿಸಬೇಕು, ಗರ್ಭಿಣಿಯ ದೃಷ್ಟಿಯೂ ಹೋಗಲಿ ಎಂದಳು. ಯಜಮಾನರು ನಿಂಬೆಹಣ್ಣು ಕೈಯಲ್ಲಿ ಹಿಡಿದು ನಿಂತರು, ಇಡಲೊಲ್ಲರು.

"ಏನು ಯೋಚ್ನೆ ಮಾಡ್ತಿದೀರಾ?" ಎಂದೆ ಒಳಗಿನಿಂದ.

"ಇಷ್ಟು ದಪ್ಪ ಹಣ್ಣು ಹತ್ತಿಳಿದ್ರೆ ಕುಲುಕಲ್ವಾ?"

ಕೊನೆಗೆ ನಾಲ್ಕೂ ಹಣ್ಣನ್ನು ಚಾಕುವಿನಿಂದ ಸೀಳಿ, ರಸ ಹಿಂಡಿ, ಅಂಗೈಯಲ್ಲಿ ಚಪ್ಪಟೆ ಮಾಡಿ ಚಕ್ರದ ಅಡಿಗಿಟ್ಟರು. ಕಾರು ಅವುಗಳ ಮೇಲೆ ಹರಿದದ್ದು ನಮಗೆ ಗೊತ್ತೇ ಆಗಲಿಲ್ಲ. "ಇದ್ಯಾವ ಸೀಮೆ ಪೂಜೆಯಪ್ಪಾ!" ಎಂದು ಕೆಂಪಮ್ಮ ಬಿದ್ದು ಬಿದ್ದು ನಕ್ಕಳು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರೂ ನಕ್ಕರು.

ದಸರಾ ಮುಗಿದು ದೀಪಾವಳಿಗೆ ಇನ್ನೂ ದಿನಗಳಿದ್ದವು. ಮಳೆ ನಿಂತು, ರಾಗಿ ತೆನೆ ಕಟ್ಟಿತ್ತು. ಅವತ್ತು ಅವರಿಗೆ ಎರಡನೇ ಶಿಫ್ಟು, ಬೆಳಗ್ಗೆ ಮನೆಯಲ್ಲೇ ಇದ್ದರು. ನಾನು ಮಂಚದ ಮೇಲೆ ಮಲಗಿದ್ದೆ. ಎದ್ದಿರಲಿಲ್ಲ, ಬಗ್ಗಿರಲಿಲ್ಲ, ಒಂದು ಲೋಟವನ್ನೂ ಎತ್ತಿರಲಿಲ್ಲ. ಹಿಂದಿನ ಸಂಜೆ ಮಗು ಒದ್ದಿರಲಿಲ್ಲ ಎಂಬುದು ಆಗ ನೆನಪಾಯಿತು. ಇವತ್ತು ನಿದ್ದೆ ಮಾಡುತ್ತಿರಬೇಕು ಎಂದುಕೊಂಡೆ. ಆಮೇಲೆ ನಡುವಿನಲ್ಲಿ ನೋವು ಶುರುವಾಯಿತು. ಆ ನೋವು ನನಗೆ ಗೊತ್ತಿದ್ದ ನೋವು.

"ರೀ," ಎಂದೆ. ಇನ್ನೇನೂ ಹೇಳಬೇಕಾಗಲಿಲ್ಲ.

ಅವರು ನನ್ನನ್ನು ಎತ್ತಿಕೊಂಡು ಹೋಗಿ ಕಾರಿನಲ್ಲಿ ಕೂರಿಸಿದರು. ಕೆಂಪಮ್ಮ ಎಲ್ಲಿಂದಲೋ ಓಡಿಬಂದು ಒಂದು ಪಕ್ಕ ಕೂತಳು, ಹಿಂದೆಯೇ ಚಿಕ್ಕತಾಯಮ್ಮ ಬಂದು ಇನ್ನೊಂದು ಪಕ್ಕ. ಅವತ್ತು ಯಾರೂ ಹೂ ಮುಡಿದಿರಲಿಲ್ಲ. ಕಾರು ಹೊರಟಿತು. ಎಂದಿನಂತೆಯೇ ಹೊರಟಿತು. ಗಾಡಿಯ ಜಾಡಿನ ಪ್ರತಿಯೊಂದು ಹಳ್ಳವನ್ನೂ ಬಳಸಿ, ಪ್ರತಿಯೊಂದು ದಿಣ್ಣೆಯ ಮುಂದೆ ನಿಂತು, ಹತ್ತಿ, ಇಳಿದು.

"ಬೇಗ ಓಡ್ಸಪ್ಪಾ ನಾಗಣ್ಣ," ಎಂದಳು ಕೆಂಪಮ್ಮ.

ನನ್ನ ಸೀರೆ ಒದ್ದೆಯಾಗುತ್ತಿತ್ತು. "ನಿನ್ ದಮ್ಮಯ್ಯಾ, ಓಡ್ಸೋ!" ಎಂದು ಅವಳು ಕಿರುಚಿದಳು, ಅವರನ್ನು ಮೊದಲ ಸಲ ಗದರಿ. ಅವರ ಕಾಲು ಆಕ್ಸಿಲರೇಟರನ್ನು ಒತ್ತಲು ಹೋಗುವುದು, ಮುಂದೆ ಒಂದು ಹಳ್ಳ ಕಾಣುವುದು, ಕಾಲು ತಾನಾಗಿ ಹಿಂದೆ ಬರುವುದು. ಓಡಿಸಿದರೆ ಕುಲುಕುತ್ತದೆ, ಓಡಿಸದಿದ್ದರೆ ತಡವಾಗುತ್ತದೆ. ಅವರ ಕುತ್ತಿಗೆಯ ಹಿಂದೆ ಬೆವರು ಇಳಿಯುವುದನ್ನು ನೋಡುತ್ತಾ ಕೂತಿದ್ದೆ. ಬೇಗ ಹೋಗಿ ಎಂದು ನಾನು ಹೇಳಲಿಲ್ಲ. ನಿಧಾನ ಹೋಗಿ ಎಂದೂ ಹೇಳಲಿಲ್ಲ. ಯಾವುದು ಸರಿ ಎಂದು ನನಗೂ ಗೊತ್ತಿರಲಿಲ್ಲ. ಇಬ್ಬರು ಹೆಂಗಸರು ಎರಡೂ ಕಡೆಯಿಂದ ನನ್ನ ಕೈ ಹಿಡಿದಿದ್ದರು. ಕಾರು ಎಲ್ಲೂ ಒಂದಿಷ್ಟೂ ಕುಲುಕದೆ ತೂಗುತ್ತಾ ಹೋಯಿತು.

ಹೆಣ್ಣು ಮಗು. ಒಳಗೇ ತೀರಿಕೊಂಡಿತ್ತು, ಹಿಂದಿನ ದಿನವೇ ಎಂದರು ಡಾಕ್ಟರು. ನಾವು ಬೇಗ ಬಂದಿದ್ದರೂ ಇಷ್ಟೇ, ನಿಧಾನ ಬಂದಿದ್ದರೂ ಇಷ್ಟೇ ಆಗಿತ್ತಂತೆ.

ಯಜಮಾನರು ನನ್ನ ಮಂಚದ ಪಕ್ಕವೇ ನಿಂತು ಅವರನ್ನು ಕೇಳಿದರು. "ಡಾಕ್ಟ್ರೇ, ಹೋದ ಸಲ ವಾಪಸ್ ಹೋಗ್ತಾ ಉಲ್ಲಾಳದ ದಾರೀಲಿ ಒಂದು ಕಲ್ಲು ಸಿಕ್ತು. ನಾನು ನೋಡ್ಲಿಲ್ಲ. ಸ್ವಲ್ಪ ಎತ್ತಿಹಾಕ್ತು ಗಾಡಿ. ಅದರಿಂದ..."

"ಇಲ್ಲಪ್ಪ. ಅದರಿಂದೆಲ್ಲ ಏನೂ ಆಗಲ್ಲ."

"ಮತ್ತೆ ಯಾತಕ್ಕೆ?"

"ಕೆಲವು ಸಲ ಗೊತ್ತಾಗಲ್ಲ. ಯಾವ ಕಾರಣಾನೂ ಇರಲ್ಲ," ಎಂದರು ಅವರು. ಒಳ್ಳೆಯ ಹೆಂಗಸು. ಯಜಮಾನರ ತೋಳು ಮುಟ್ಟಿ ಹೇಳಿ ಹೋದರು. ಅವರು ಹೋದ ಮೇಲೂ ಇವರು ಅದೇ ಜಾಗದಲ್ಲಿ ನಿಂತಿದ್ದರು. ಕಾರಣವಿಲ್ಲ ಎಂಬ ಮಾತು ಅವರಿಗೆ ಅರ್ಥವಾಗುವ ಭಾಷೆಯಲ್ಲಿರಲಿಲ್ಲ.

ಮನೆಗೆ ಕರೆದುಕೊಂಡು ಹೋಗುವ ದಿನ ಆಸ್ಪತ್ರೆಯ ಬಾಗಿಲಲ್ಲಿ ಕಾರು ನಿಂತಿತ್ತು. ಹಿಂದಿನ ಸೀಟಿನ ಎರಡೂ ತುದಿಯಲ್ಲಿ ಕೆಂಪಮ್ಮ, ಚಿಕ್ಕತಾಯಮ್ಮ ಆಗಲೇ ಕೂತಿದ್ದರು. ಯಾರೂ ಕರೆದಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ನಾನು ನಡುವೆ ಕೂತೆ. ಯಜಮಾನರು ಎಂದಿನ ಹಾಗೆಯೇ ಒಂದೊಂದೇ ಹಳ್ಳ ಬಳಸಿ ಓಡಿಸಿದರು.

ಮಾರನೆಯ ದಿನ ಕಾರ್ಖಾನೆಗೆ ಹೋಗಲಿಲ್ಲ. ಬೆಳಗ್ಗೆ ಹಿತ್ತಲಿನಲ್ಲಿ ಸ್ಪ್ಯಾನರಿನ ಸದ್ದು ಕೇಳಿತು. ಕಿಟಕಿಯಿಂದ ನೋಡಿದೆ. ಕಾರಿನ ಹಿಂಭಾಗವನ್ನು ಮತ್ತೆ ಕಲ್ಲುಗಳ ಮೇಲೆ ಏರಿಸಿ, ಎರಡೂ ಕಮಾನುಗಳನ್ನು ಕಳಚಿ, ಕಟ್ಟು ಬಿಚ್ಚುತ್ತಿದ್ದರು. ಪಟ್ಟಿಗಳನ್ನು ಒಂದೊಂದಾಗಿ ಸೀಮೆಎಣ್ಣೆಯಲ್ಲಿ ತೊಳೆದು, ಗೋಣಿಚೀಲದ ಮೇಲೆ ಸಾಲಾಗಿ ಜೋಡಿಸಿದರು. ಬಟ್ಟೆಯಿಂದ ಒಣಗುವ ಹಾಗೆ ಒರೆಸಿದರು. ಆಮೇಲೆ ಸೀಮೆಸುಣ್ಣವನ್ನು ಪುಡಿ ಮಾಡಿ ಎಲ್ಲದರ ಮೇಲೂ ತೆಳ್ಳಗೆ ಸವರಿದರು.

ನನಗೆ 'ಎದ್ದು ಓಡಾಡಬೇಡ' ಎನ್ನುವವರು ಈಗ ಯಾರೂ ಇರಲಿಲ್ಲ. ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದು ಬಾಗಿಲ ಮೆಟ್ಟಿಲ ಮೇಲೆ ಕೂತೆ.

"ಏನ್ ಮಾಡ್ತಿದೀರಾ?"

"ಉಕ್ಕಲ್ಲಿ ಬಿರುಕಿದ್ರೆ ಸೀಮೆಎಣ್ಣೆ ಅದರೊಳಗೆ ಹೋಗಿ ಕೂತಿರುತ್ತೆ. ಮೇಲೆ ಒರೆಸಿದ್ರೂ ಒಳಗಿಂದು ಹೋಗಲ್ಲ. ಬಿಸಿಲಿಗೆ ಹೊರಗೆ ಬರುತ್ತೆ. ಸುಣ್ಣದ ಮೇಲೆ ಕಪ್ಪು ಗೆರೆ ಕಾಣುತ್ತೆ. ಕಣ್ಣಿಗೆ ಕಾಣದ ಬಿರುಕೂ ಕಾಣುತ್ತೆ," ಎಂದರು, ತಲೆಯೆತ್ತದೆ. "ಎಲ್ಲೋ ಒಂದು ಇದ್ದೇ ಇರುತ್ತೆ ಕಣೇ. ಪಟ್ಟಿ ಸರಿಯಾಗಿ ಬಗ್ಗಿರಲ್ಲ. ನಮಗೆ ಗೊತ್ತಾಗದ ಹಾಗೆ ಸಣ್ಣದಾಗಿ ಬಡೀತಾ ಇರುತ್ತೆ."

ಬಿಸಿಲು ಚೆನ್ನಾಗಿತ್ತು. ಪಟ್ಟಿಗಳ ಮುಂದೆ ಅವರು ಕುಕ್ಕರುಗಾಲಿನಲ್ಲಿ ಕೂತು ಕಾದರು. ನಾನೂ ಮೆಟ್ಟಿಲ ಮೇಲೆ ಕೂತು ಕಾದೆ. ಬೇಲಿಯ ಆಚೆ ಕೆಂಪಮ್ಮ ಬಂದು ನಿಂತು ನೋಡಿ ಹೊರಟುಹೋದಳು. ಅವರು ಏನು ಹುಡುಕುತ್ತಿದ್ದಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ಗೆರೆ ಸಿಕ್ಕರೆ, ತಪ್ಪು ಉಕ್ಕಿನದು, ತಮ್ಮ ಕೈಯದು. ಅದನ್ನು ಹೊತ್ತುಕೊಂಡು ಅವರು ಬದುಕುತ್ತಿದ್ದರು. ಮುಂದಿನ ಸಲ ಇನ್ನೂ ಒಳ್ಳೆಯದು ಮಾಡುತ್ತಿದ್ದರು. ಗೆರೆ ಸಿಗದಿದ್ದರೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ಹಾಲು ಕಟ್ಟಿ ನನ್ನ ಎದೆ ನೋಯುತ್ತಿತ್ತು. ದೇವರೇ, ಅವರಿಗೆ ಒಂದು ಗೆರೆಯನ್ನಾದರೂ ತೋರಿಸಪ್ಪಾ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಹೊತ್ತು ಏರಿತು. ಅವರು ಪ್ರತಿಯೊಂದು ಪಟ್ಟಿಯನ್ನೂ ಎತ್ತಿ, ಬಿಸಿಲಿಗೆ ಓರೆಯಾಗಿ ಹಿಡಿದು, ತಿರುವಿ, ಮುಖದ ಹತ್ತಿರ ತಂದು ನೋಡಿದರು. ಕೊನೆಯದನ್ನೂ ನೋಡಿ ಗೋಣಿಯ ಮೇಲಿಟ್ಟರು. ಪಟ್ಟಿಗಳೆಲ್ಲ ಬೆಳ್ಳಗೆ ಮಲಗಿದ್ದವು. ಅವರು ನನ್ನ ಕಡೆ ತಿರುಗಿದರು. ಮುಖಕ್ಕೆಲ್ಲ ಸುಣ್ಣ ಹತ್ತಿತ್ತು.

"ಒಂದೂ ಬಿರುಕಿಲ್ಲ ಕಣೇ," ಎಂದು ಹೇಳಿ, ಆಸ್ಪತ್ರೆಯಲ್ಲಿ ಅಳದೆ ಇದ್ದವರು, ಅಲ್ಲೇ ಕೂತು ಅತ್ತರು.